ಬೇಯಿಸಿದ ಆಲೂಗಡ್ಡೆಯ ಪ್ರವಾಸಕಥನ

ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಒಟ್ಟುಗೂಡಿಸಿ ಬೈಂಡು ಮಾಡಿಸುವ ಕೆಲಸ ಕಳೆದ ಬೇಸಗೆಯಲ್ಲಿ ನನ್ನ ಪಾಲಿಗೆ ಬಂತು. ನಿವೃತ್ತನಾದವನನ್ನು ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ತಿರುವೊಟ್ಟಿಯೂರಿನ ನಮ್ಮ ಮನೆಯ ಹಜಾರದಲ್ಲಿ ಚಾಪೆ ಹಾಸಿ, ಪುಟಗಳು ಹಾರದಂತೆ ಫ್ಯಾನು ನಿಲ್ಲಿಸಿ, ಬೆವರೊರೆಸಿಕೊಳ್ಳುತ್ತ ಜೋಡಿಸಲು ಕುಳಿತೆ. ಜೋಡಿಸುವವನು ಓದದೆ ಇರುತ್ತಾನೆಯೇ? ಎರಡು ದಿನದ ಕೆಲಸ ಎರಡು ವಾರ ಹಿಡಿಯಿತು.

ಈ ಸಂಚಿಕೆಗಳಲ್ಲಿ ಸದಸ್ಯರು ಬರೆದ ವಿದೇಶ ಪ್ರವಾಸದ ಲೇಖನಗಳಿಗೆ ಕೊರತೆಯಿಲ್ಲ. ಕಾರ್ಖಾನೆಯ ಕೆಲಸದ ಮೇಲೆ ಹೋದವರು, ಮಗಳ ಬಾಣಂತನಕ್ಕೆ ಹೋದವರು, ಮಗನ ಪದವಿ ಪ್ರದಾನ ನೋಡಿ ಬಂದವರು, ಎಲ್ಲರೂ ಬರೆದಿದ್ದಾರೆ. ವಿಮಾನ, ಚಳಿ, ಅಗಲವಾದ ರಸ್ತೆ, ಹೊಸಬರನ್ನು ನೋಡಿ ನಗುವ ಅಪರಿಚಿತರು, ಇವೆಲ್ಲ ಬೇರೆ ಬೇರೆ ರೀತಿಯಲ್ಲಿ ಬಂದಿವೆ. ಆದರೆ ಒಂದು ಪ್ಯಾರಾ ಮಾತ್ರ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ಆತಿಥೇಯರು ಪ್ರೀತಿಯಿಂದ ದೊಡ್ಡ ಹೋಟೆಲಿಗೆ ಕರೆದೊಯ್ದರು. ಅದು ಸ್ಟೇಕ್‌ಹೌಸ್, ಅಂದರೆ ದನದ ಮಾಂಸದ ದಪ್ಪ ತುಂಡನ್ನು ಬೆಂಕಿಯಲ್ಲಿ ಸುಟ್ಟು ಬಡಿಸುವ ಜಾಗ. ಸುತ್ತಲಿನವರು ಚಾಕು ಮುಳ್ಳು ಹಿಡಿದು ಯುದ್ಧಕ್ಕೆ ತೊಡಗಿದರು. ಲೇಖಕರಿಗೆ ಬೇಯಿಸಿದ ಆಲೂಗಡ್ಡೆ, ನಾಲ್ಕು ಎಲೆ, ಒಂದು ಬನ್ನು. ಕೋಣೆಗೆ ಮರಳಿ ಊರಿನಿಂದ ತಂದ ಅವಲಕ್ಕಿಯನ್ನೋ ಚಟ್ನಿಪುಡಿಯನ್ನೋ ತಿಂದು ಮಲಗಿದರು. ‘ಕನ್ನಡಿಗರಾದ ನಮಗೆ’ ಊರ ನೆನಪಾಯಿತು. ಊರುಗಳ ಹೆಸರು ಬದಲಾಗುತ್ತವೆ, ಆಲೂಗಡ್ಡೆ ಬದಲಾಗುವುದಿಲ್ಲ.

ಈ ಪ್ಯಾರಾವನ್ನು ಸ್ವಲ್ಪ ವಿಮರ್ಶೆಗೆ ಒಡ್ಡಬೇಕೆಂದು ನನ್ನ ಮನಸ್ಸು. ದೊಡ್ಡ ದೊಡ್ಡ ಗ್ರಂಥಗಳಿಗೆ ಮಾತ್ರ ವಿಮರ್ಶೆ, ನಮ್ಮ ಪತ್ರಿಕೆಯ ಎರಡು ಪುಟಕ್ಕೆ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಮನೆಗಳಲ್ಲಿ ಓದುವುದು ಈ ಎರಡು ಪುಟವನ್ನೇ ಅಲ್ಲವೆ? ಅಲ್ಲದೆ ಆ ಪ್ಯಾರಾ ಬರೆದವರಲ್ಲಿ ನಾನೂ ಒಬ್ಬ. ಬೇರೆಯವರ ಬರಹವನ್ನು ಎಳೆದಾಡುವುದರ ಬದಲು ನನ್ನದನ್ನೇ ತೆಗೆದುಕೊಳ್ಳುತ್ತೇನೆ, ಯಾರಿಗೂ ಬೇಸರವಾಗುವಂತಿಲ್ಲ.

ಕನ್ನಡದಲ್ಲಿ ವಿದೇಶ ಪ್ರವಾಸದ ಬರವಣಿಗೆಗೆ ಒಳ್ಳೆಯ ವಂಶವಿದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’, ನಮ್ಮ ಕಾಲಕ್ಕೆ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’. ಇದೇ ಮದರಾಸಿನಲ್ಲಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಪುಸ್ತಕವನ್ನಂತೂ ಇಲ್ಲಿನ ಕನ್ನಡಿಗರು ಮರೆಯಬಾರದು. ಆ ಶೀರ್ಷಿಕೆಯನ್ನು ಗಮನಿಸಿ: ‘ನಾನು’. ಕನ್ನಡಿಗರೆಲ್ಲರ ಪರವಾಗಿ ಅವರು ವಕಾಲತ್ತು ಹಾಕಲಿಲ್ಲ. ನಾವು ಈ ಹಿರಿಯರಿಂದ ಅಧ್ಯಾಯಗಳ ಕ್ರಮವನ್ನು ಕಲಿತೆವು. ಆ ಏಕವಚನವನ್ನು ಕಲಿಯಲಿಲ್ಲ.

ಈಗ ನನ್ನ ಲೇಖನದ ವಿಷಯ. 1998ರ ಸೆಪ್ಟೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಯಂತ್ರೋಪಕರಣಗಳ ಅಂತರರಾಷ್ಟ್ರೀಯ ಪ್ರದರ್ಶನವಿತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಪ್ರದರ್ಶನಕ್ಕೆ ಎಣ್ಣೂರು ರಸ್ತೆಯ ನಮ್ಮ ಕಾರ್ಖಾನೆಯಿಂದ ನಾಲ್ವರನ್ನು ಕಳಿಸಿದರು: ಇಬ್ಬರು ತಮಿಳರು, ನಾನು, ಮತ್ತು ಬಂಗಾರಪೇಟೆ ಕಡೆಯ ಒಬ್ಬ ಸ್ನೇಹಿತರು. ಅವರು ಹೀಟ್ ಟ್ರೀಟ್‌ಮೆಂಟ್ ವಿಭಾಗದವರು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವರು. ನನ್ನನ್ನು ಅಣ್ಣಾ ಎಂದೇ ಕರೆಯುವುದು. ಮೂರನೆಯ ದಿನ ಯಂತ್ರ ಮಾರುವ ಕಂಪನಿಯವರೊಬ್ಬರು ನಮ್ಮನ್ನು ಊಟಕ್ಕೆ ಕರೆದರು. ಷಿಕಾಗೋ ಎಂದ ಮೇಲೆ ಇನ್ನೇನು? 1865ರಿಂದ 1971ರವರೆಗೆ ಆ ದೇಶದ ಕಸಾಯಿ ವ್ಯಾಪಾರದ ಕೇಂದ್ರವೇ ಅದು. ಅಪ್‌ಟನ್ ಸಿಂಕ್ಲೇರ್ 1906ರಲ್ಲಿ ಆ ದೊಡ್ಡಿಗಳ ಒಳಗಿನ ಕೂಲಿಗಾರರ ಪಾಡನ್ನು ಕಾದಂಬರಿಯಾಗಿ ಬರೆದು, ಅದೇ ವರ್ಷ ಮಾಂಸ ತಪಾಸಣೆಯ ಕಾನೂನು ಬರುವುದಕ್ಕೆ ಕಾರಣನಾದ. ದೊಡ್ಡಿಗಳು ಮುಚ್ಚಿವೆ, ಹಳೆಯ ಕಲ್ಲಿನ ಹೆಬ್ಬಾಗಿಲು ಉಳಿದಿದೆ, ಅದರ ನೆತ್ತಿಯಲ್ಲಿ ಒಂದು ಎತ್ತಿನ ತಲೆಯನ್ನು ಕೆತ್ತಿದ್ದಾರೆ. ನಮ್ಮ ದೇವಸ್ಥಾನದ ನಂದಿಯನ್ನು ನೋಡಿ ಬೆಳೆದವನಿಗೆ ಅದನ್ನು ನೋಡಿದಾಗ ಏನೆನ್ನಿಸಬೇಕೋ ಅದೇ ಅನ್ನಿಸಿತು. ಅದನ್ನು ಅಂದು ಬರೆದೆ. ಅದು ನಿಜವಾಗಿತ್ತು.

ಬರೆಯದೆ ಬಿಟ್ಟದ್ದು ಊಟದ ಮೇಜಿನ ಸಂಗತಿ. ಇಂದು ಬರೆಯುತ್ತೇನೆ.

ಹೋಟೆಲಿನ ಒಳಗೆ ಕತ್ತಲೆ. ದುಡ್ಡು ಹೆಚ್ಚಾದಂತೆ ದೀಪ ಕಡಿಮೆ ಮಾಡುವುದು ಅಲ್ಲಿನ ಪದ್ಧತಿ ಎಂದು ಕಾಣುತ್ತದೆ; ಪಟ್ಟಿಯನ್ನು ಓದಲು ನಾನು ಮೇಣದ ಬತ್ತಿಯ ಹತ್ತಿರ ಬಾಗಬೇಕಾಯಿತು. ಬಡಿಸುವವನು ಒಂದು ಸಣ್ಣ ಗಾಡಿ ತಳ್ಳಿಕೊಂಡು ಬಂದ. ಅದರ ಮೇಲೆ ಹಸಿ ಮಾಂಸದ ತುಂಡುಗಳು. ಒಂದೊಂದನ್ನೂ ತೋರಿಸಿ, ಇದು ಬೆನ್ನಿನದು, ಇದು ಪಕ್ಕೆಲುಬಿನದು, ಇದರಲ್ಲಿ ಕೊಬ್ಬಿನ ಗೆರೆ ಹೆಚ್ಚು, ಇದು ಮೆತ್ತಗೆ ಆದರೆ ರುಚಿ ಕಡಿಮೆ ಎಂದು ಸೀರೆ ಅಂಗಡಿಯವನಂತೆ ವಿವರಿಸಿದ. ನಾನು ಗೋಡೆಯ ಚಿತ್ರವನ್ನು ನೋಡುತ್ತಿದ್ದೆ. ನನ್ನ ಸ್ನೇಹಿತರು ಮಾತ್ರ ಸ್ವಲ್ಪ ಮುಂದೆ ಬಾಗಿ, ಹೊಸ ಉಕ್ಕಿನ ಮಾದರಿ ಬಂದಾಗ ಕಾರ್ಖಾನೆಯಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದರು. ಮಾಂಸವನ್ನು ಮೂರು ನಾಲ್ಕು ವಾರ ತಣ್ಣನೆಯ ಕೋಣೆಯಲ್ಲಿ ತೂಗುಹಾಕಿ ಹದಗೊಳಿಸುತ್ತಾರಂತೆ. ನಮ್ಮ ದೋಸೆ ಹಿಟ್ಟಿಗೆ ಒಂದು ರಾತ್ರಿ ಸಾಕು. ಅವರಿಗೆ ತಿಂಗಳು ಬೇಕು.

ಬಳಿಕ ಎಷ್ಟು ಬೇಯಬೇಕು ಎಂಬ ಪ್ರಶ್ನೆ. ಇದು ಗೊತ್ತಿಲ್ಲದೆ ನಮ್ಮವರು ತಬ್ಬಿಬ್ಬಾಗುವುದುಂಟು. ‘ರೇರ್’ ಎಂದರೆ ಒಳಗೆ ಇನ್ನೂ ಕೆಂಪು. ‘ಮೀಡಿಯಂ ರೇರ್’ ಎಂದರೆ ನಡುವೆ ಸುಮಾರು 55 ಡಿಗ್ರಿ ಸೆಲ್ಷಿಯಸ್ ತಲುಪಿ ಗುಲಾಬಿ ಬಣ್ಣ. 70 ದಾಟಿದರೆ ‘ವೆಲ್ ಡನ್’, ಪೂರಾ ಬೆಂದು ಕಂದು. ಚೆನ್ನೈ ಹೋಟೆಲಿನಲ್ಲಿ ನಾವು ‘ರೋಸ್ಟ್, ಚೆನ್ನಾಗಿ ಮುರುಗಲಾಗಿ’ ಎಂದೋ ‘ಮೆತ್ತಗಿರಲಿ’ ಎಂದೋ ಹೇಳುವುದಿಲ್ಲವೆ, ಅದೇ ವ್ಯವಹಾರ. ನನ್ನ ಸ್ನೇಹಿತರು ಬಡಿಸುವವನ ಸಲಹೆ ಕೇಳಿ ಮೀಡಿಯಂ ರೇರ್ ಹೇಳಿದರು. ತಟ್ಟೆ ಬಂತು. ಮೇಲ್ಮೈ ಕಪ್ಪುಗಂದು, ಅಂಚಿನಲ್ಲಿ ಕೊಬ್ಬು ಇನ್ನೂ ಚಿರಿಗುಟ್ಟುತ್ತಿತ್ತು. ಅವರು ಒಂದು ತುಂಡು ಕತ್ತರಿಸಿ, ಕತ್ತರಿಸಿದ ಮುಖವನ್ನು ದೀಪಕ್ಕೆ ಹಿಡಿದು ನೋಡಿ, ನನ್ನ ಕಡೆ ತಿರುಗಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ:

“ಅಣ್ಣಾ, ಇದು ನಮ್ ಕೇಸ್ ಹಾರ್ಡನಿಂಗ್ ಇದ್ದಂಗೇ ನೋಡಿ. ಮೇಲೆ ಗಟ್ಟಿ ಪದರ ಬರಬೇಕು, ಒಳಗೆ ಮೆತ್ತಗೆ ಉಳೀಬೇಕು. ಹೊತ್ತು ತಪ್ಪಿದ್ರೆ ಎರಡೂ ಕೆಟ್ಟೋಗ್ತದೆ.”

ಕಾರ್ಖಾನೆ ಕಾಣದ ಓದುಗರಿಗಾಗಿ ಒಂದು ಮಾತು. ಲಾರಿಯ ಗೇರಿನ ಹಲ್ಲು ಸವೆಯಬಾರದು, ಹಾಗೆಂದು ಪೂರಾ ಗಡಸಾದರೆ ಪಿಂಗಾಣಿಯಂತೆ ಒಡೆದೀತು. ಆದ್ದರಿಂದ ಅದನ್ನು 900 ಡಿಗ್ರಿಯ ಮೇಲಿನ ಕುಲುಮೆಯಲ್ಲಿ ಇಂಗಾಲದ ಅನಿಲದ ನಡುವೆ ಇಟ್ಟು, ಹೊರಗಿನ ಒಂದು ತೆಳುವಾದ ಪದರವನ್ನು ಮಾತ್ರ ಗಡಸುಮಾಡುತ್ತಾರೆ. ಒಳಗಿನ ತಿರುಳು ಪೆಟ್ಟು ತಾಳುವಷ್ಟು ಮೆದುವಾಗಿಯೇ ಇರುತ್ತದೆ. ಇಪ್ಪತ್ತು ವರ್ಷ ಆ ಕುಲುಮೆಯ ಮುಂದೆ ನಿಂತವರು ಒಂದು ಮಾಂಸದ ತುಂಡಿನ ಬಗ್ಗೆ ಕೊಟ್ಟ ಅಭಿಪ್ರಾಯ ಇದು. ನಾನು ಓದಿರುವ ಯಾವ ಪ್ರವಾಸ ಲೇಖನದಲ್ಲಿಯೂ ಸ್ಟೇಕ್ ಬಗ್ಗೆ ಇಷ್ಟು ನಿಖರವಾದ ಮಾತು ಇಲ್ಲ. ಅಂದು ಆ ಮೇಜಿನಲ್ಲಿ ವಿಮರ್ಶಕರು ಯಾರಾದರೂ ಇದ್ದರೆ ಅವರೇ. ಮುಕ್ಕಾಲು ಪಾಲು ತಿಂದು, ಚೆನ್ನಾಗಿದೆ, ಆದರೆ ಉಪ್ಪು ಮೇಲೇ ನಿಂತಿದೆ, ಒಳಗೆ ಇಳಿದಿಲ್ಲ, ನಮ್ಮಮ್ಮ ಒಲೆಯ ಕೆಂಡದಲ್ಲಿ ಸುಡುತ್ತಿದ್ದ ಉಪ್ಪುಖಂಡದ ರುಚಿ ಇದಕ್ಕಿಲ್ಲ ಎಂದೂ ಸೇರಿಸಿದರು.

ನಾನು ಸಸ್ಯಾಹಾರಿ, ಇಂದಿಗೂ. ಆ ವಾಸನೆ ನನಗೆ ಹಿಡಿಸಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ತಿನ್ನದವನ ಕಣ್ಣಿಗೆ ಕಂಡದ್ದನ್ನು ಹೇಳಬಹುದು. ಒಂದೇ ಪದಾರ್ಥವನ್ನು ಹಿಡಿದು, ಅದನ್ನು ಆರಿಸುವುದು, ಹದಗೊಳಿಸುವುದು, ಸುಡುವುದು, ಸುಟ್ಟ ಮೇಲೆ ರಸ ಹರಿಯದಂತೆ ಐದು ನಿಮಿಷ ಸುಮ್ಮನೆ ಬಿಡುವುದು, ಇಷ್ಟರಲ್ಲೇ ಒಂದು ಮನೆತನ ನಡೆಸುವ ಶ್ರದ್ಧೆ ಆ ಹೋಟೆಲಿನ ಗುಣ. ಅಳತೆಗೇಡಿತನ ಅದರ ದೋಷ. ಒಬ್ಬನ ತಟ್ಟೆಯಲ್ಲಿ 16 ಔನ್ಸ್, ಅಂದರೆ ಸುಮಾರು 450 ಗ್ರಾಂ ಮಾಂಸ. ಉಳಿದದ್ದು ಡಬ್ಬಿಗೋ ಕಸಕ್ಕೋ. ತೂಕವನ್ನೇ ಪಟ್ಟಿಯಲ್ಲಿ ರುಚಿಯ ಜಾಗದಲ್ಲಿ ಅಚ್ಚುಹಾಕಿದ್ದಾರೆ. ಕರೆದುಕೊಂಡು ಹೋದವರು ನಮ್ಮ ಹಸಿವಿಗಿಂತ ತಮ್ಮ ಕಂಪನಿಯ ಸ್ಥಿತಿಯನ್ನು ತೋರಿಸಬೇಕಿತ್ತೇನೋ. ಇದೂ ನಮಗೆ ಹೊಸದೇನಲ್ಲ. ನಮ್ಮ ಮದುವೆ ಮನೆಗಳ ಎಲೆಯ ತುದಿಯಲ್ಲಿ ಮಿಕ್ಕಿ ಬಿದ್ದಿರುವ ಸಿಹಿಯನ್ನು ನೆನೆಸಿಕೊಳ್ಳಿ.

ಇನ್ನು ನನ್ನ ಆಲೂಗಡ್ಡೆಗೆ ಬರೋಣ. ಅದೇ ನನ್ನ ಲೇಖನದ ನಾಯಕ. ಬೆಳ್ಳಿಯ ಕಾಗದ ಸುತ್ತಿ ಸುಟ್ಟು, ಮೇಲೆ ಸೀಳಿ, ಹುಳಿ ಕೆನೆ ಹಾಕಿ ಕೊಟ್ಟಿದ್ದರು. ನಾನು ಬರೆದದ್ದು: ಈ ಮಾಂಸದ ಕಾಡಿನಲ್ಲಿ ನಮ್ಮೂರಿನ ಆಲೂಗಡ್ಡೆಯೊಂದೇ ನನ್ನ ಬಂಧು. ಸ್ವಾಮಿಯವರು ಓದಿದ್ದರೆ ನಕ್ಕು ಬಿಡುತ್ತಿದ್ದರು. ಅವರು 1980ರಲ್ಲೇ ತೀರಿಕೊಂಡರು, ನಾನು ಪಾರಾದೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಅವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆಲೂಗಡ್ಡೆ ಆಂಡಿಸ್ ಬೆಟ್ಟಗಳ ಬೆಳೆ. ನನ್ನ ಡಬ್ಬಿಯ ಚಟ್ನಿಪುಡಿಯ ಮೆಣಸಿನಕಾಯಿಯೂ ಕಡಲೆಕಾಯಿಯೂ ಆ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದವು. ಆ ತಟ್ಟೆಯಲ್ಲಿ ಪರದೇಶಿ ಯಾರಾದರೂ ಇದ್ದರೆ ಅದು ದನ. ಕೊಲಂಬಸನ ಎರಡನೆಯ ಯಾನದಲ್ಲಿ, 1493ರಲ್ಲಿ, ಮೊದಲ ದನಗಳು ಅಲ್ಲಿಗೆ ಹೋದವು. ಇನ್ನೂ ಒಂದು ತಮಾಷೆಯಿದೆ. ಅಮೆರಿಕದ ದಕ್ಷಿಣದ ಬಿಸಿಲಿಗೆ ತಾಳುವಂತೆ ಅವರು ಮಾಂಸಕ್ಕಾಗಿಯೇ ಬೆಳೆಸಿದ ಒಂದು ತಳಿ ಭಾರತದ ಗಿರ್, ಗುಜರಾತಿ, ನೆಲ್ಲೂರು ತಳಿಗಳ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯಿಂದಲೂ ಹುಟ್ಟಿದ್ದು. ಅದಕ್ಕೆ ಅವರಿಟ್ಟ ಹೆಸರು ‘ಬ್ರಾಹ್ಮನ್’!

ಆಲೂಗಡ್ಡೆ ತಿಂದು ಶುದ್ಧವಾಗಿ ಬಂದೆವೆಂಬ ಹೆಮ್ಮೆಗೂ ಆಧಾರ ಕಡಿಮೆ. ಅಲ್ಲಿನ ಸೀಸರ್ ಸಾಲಡ್ಡಿನಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಸಣ್ಣ ಮೀನು ಅರೆದು ಹಾಕಿರುತ್ತಾರೆ. ಬೇಯಿಸಿದ ಬೀನ್ಸಿನಲ್ಲಿ ಹಂದಿಯ ತುಂಡು ಇರುವುದುಂಟು. ವೂಸ್ಟರ್ ಸಾಸಿನಲ್ಲಿಯೂ ಮೀನು. ಮೆಕ್‌ಡೊನಾಲ್ಡ್ಸ್ ಕಂಪನಿಯವರು 1990ರವರೆಗೆ ಆಲೂಗಡ್ಡೆಯನ್ನು ಹೆಚ್ಚಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಿದ್ದರು. ಆಮೇಲೆ ಎಣ್ಣೆಗೆ ಬದಲಾಯಿಸಿದರೂ ಅಮೆರಿಕದಲ್ಲಿ ದನದ ಮಾಂಸದ ಸಾರವನ್ನು ಪರಿಮಳಕ್ಕಾಗಿ ಬಳಸುತ್ತಿದ್ದರು. 2001ರಲ್ಲಿ ಅಲ್ಲಿನ ಸಸ್ಯಾಹಾರಿಗಳು ದಾವೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ ಮತ್ತು ಧಾರ್ಮಿಕ ಸಂಸ್ಥೆಗಳಿಗೆ 1 ಕೋಟಿ ಡಾಲರು ಕೊಡಲು ಒಪ್ಪಿತು. ಮಕ್ಕಳನ್ನು ನೋಡಲು ಹೋಗುವವರು ನಾಚಿಕೆಪಡದೆ ಕೇಳಿ ತಿನ್ನಬೇಕು, ಅಷ್ಟೆ.

ಇವೆಲ್ಲ ತಿಳಿವಳಿಕೆಯ ತಪ್ಪುಗಳು, ತಿದ್ದಿಕೊಳ್ಳಬಹುದು. ನನ್ನ ಲೇಖನದ ನಿಜವಾದ ದೋಷ ಬೇರೆ. ‘ಕನ್ನಡಿಗರಾದ ನಾವಿಬ್ಬರೂ ಹಸಿದುಕೊಂಡೇ ಎದ್ದೆವು’ ಎಂದು ಬರೆದಿದ್ದೆ. ನನ್ನ ಸ್ನೇಹಿತರು ಹೊಟ್ಟೆ ತುಂಬ ಉಂಡಿದ್ದರು, ಖುಷಿಯಾಗಿ ಉಂಡಿದ್ದರು. ಅವರ ತಟ್ಟೆಯನ್ನು ನಾನು ಒಂದು ವಾಕ್ಯದಲ್ಲಿ ಎತ್ತಿ ಒಳಗಿಟ್ಟುಬಿಟ್ಟೆ. ಅವರ ಮರ್ಯಾದೆ ಕಾಪಾಡಿದೆನೆಂದು ಆಗ ಅಂದುಕೊಂಡಿದ್ದೆ.

ಪತ್ರಿಕೆ ಬಂದ ತಿಂಗಳು ಅವರ ಮನೆಯವರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಹತ್ತಿರ ಬಂದು, ನಗುತ್ತಲೇ, “ಏನಣ್ಣಾ, ನಿಮ್ಮ ಲೇಖನದಾಗೆ ನಮ್ಮ ಯಜಮಾನ್ರು ಅಮೆರಿಕಾಗೆ ಹೋಗೇ ಇಲ್ವಾ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಬಿಸಿಬೇಳೆಭಾತು ಬಡಿಸುವವರು ಬಂದದ್ದು ಅನುಕೂಲವಾಯಿತು.

ಆ ಪ್ರಶ್ನೆಯ ಹಿಂದೆ ಇನ್ನೊಂದು ಕಥೆಯಿತ್ತೆಂಬುದು ಆಮೇಲೆ ತಿಳಿಯಿತು. ಅವರು ವಿಮ್ಕೊ ನಗರದ ಹತ್ತಿರ ಮನೆ ಹುಡುಕುವಾಗ ಮನೆಯೊಡೆಯರು ಊರು ಕೇಳಿದರಂತೆ. ಕರ್ನಾಟಕ ಎಂದ ಕೂಡಲೇ, “ಅಪ್ಪಡಿನ್ನಾ ಸೈವಂ ದಾನೇ?” ಎಂದು ತಾವೇ ತೀರ್ಮಾನಿಸಿ ಬೀಗದ ಕೈ ಕೊಟ್ಟರು. ತಮಿಳಿನಲ್ಲಿ ಸಸ್ಯಾಹಾರಕ್ಕೆ ‘ಶೈವ’ವೆಂದೇ ಹೆಸರು. ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿಯ ಗುಡಿಯೊಳಗೆ ವಟ್ಟಪಾರೈ ಅಮ್ಮನ್ ಎಂಬ ಉಗ್ರದೇವಿ ಇದ್ದಾಳೆ. ಅವಳನ್ನು ಶಂಕರಾಚಾರ್ಯರು ಶಾಂತಳನ್ನಾಗಿ ಮಾಡಿದರೆಂದು ಇಲ್ಲಿನವರ ನಂಬಿಕೆ. ದೇವಿಯ ಸಂಗತಿ ಹಾಗಾಯಿತು. ನನ್ನ ಸ್ನೇಹಿತರ ಮನೆಯವರು ಮಾತ್ರ ಏಳು ವರ್ಷ ಭಾನುವಾರ ಕಿಟಕಿ ಮುಚ್ಚಿಕೊಂಡು, ಊದುಬತ್ತಿ ಹಚ್ಚಿಟ್ಟು ಅಡಿಗೆ ಮಾಡಿದರು. ಕಾಸಿಮೇಡಿನ ಮೀನು ಬುಟ್ಟಿಬುಟ್ಟಿಯಾಗಿ ಬೀದಿಯಲ್ಲಿ ಹಾದುಹೋಗುವ ಊರಿನಲ್ಲಿ! ಹೊರಗೆ ಮುಚ್ಚಿಕೊಂಡವರು ತಮ್ಮ ಭಾಷೆಯ ಪತ್ರಿಕೆಯಲ್ಲಾದರೂ ತಾವಾಗಿ ಇರಬಹುದೆಂದು ಎಣಿಸಿದ್ದರೆ ತಪ್ಪೇನು? ಅಲ್ಲಿಯೂ ನಾನು ಕಿಟಕಿ ಮುಚ್ಚಿದೆ.

ಮದರಾಸಿನಲ್ಲಿ ಕನ್ನಡಿಗನೆಂದರೆ ಸಸ್ಯಾಹಾರಿ ಎಂಬ ಭಾವನೆ ಹೇಗೆ ಬಂತೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಉಡುಪಿ ಹೋಟೆಲುಗಳಿಂದ. ಉಡುಪಿ ಕಡೆಯಿಂದ ಹುಡುಗನಾಗಿ ಬಂದು ಅಡಿಗೆ ಮನೆಗಳಲ್ಲಿ ದುಡಿದ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಅದು ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಕೆಥೆಡ್ರಲ್ ರಸ್ತೆಯ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 1962ರಿಂದ 2008ರವರೆಗೆ ನಡೆಯಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ. ಕಾರಿನಲ್ಲಿ ಕುಳಿತವರಿಗೆ ಕಾರಿನಲ್ಲೇ ಬಡಿಸುವ ಪದ್ಧತಿ ಅಮೆರಿಕದ್ದು. ಬಡಿಸಿದ್ದು ಮಸಾಲೆ ದೋಸೆ. ಪರದೇಶದಿಂದ ಏನನ್ನು ತರಬೇಕು, ಏನನ್ನು ಬಿಡಬೇಕು ಎಂಬ ವಿವೇಕ ಅಲ್ಲಿ ಇತ್ತು. ಆದರೆ ಹೋಟೆಲಿನ ಬೋರ್ಡು ಒಂದು ಜನದ ಚರಿತ್ರೆಯಾಗಲಾರದು.

ಚರಿತ್ರೆ ಬೇಕೆಂದರೆ ಬೇರೆ ಕಡೆ ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವಿದೆ. ದೋಸೆ ಇಡ್ಲಿಗಳ ಹಿರಿಯರನ್ನು ಅಲ್ಲಿ ತೋರಿಸಿ ನಾವು ಸಂತೋಷಪಡುತ್ತೇವೆ. ಅದೇ ಭಾಗದಲ್ಲಿ ಮಾಂಸದ ತುಂಡುಗಳನ್ನು ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವುದು, ಹಂದಿಯ ಅಡಿಗೆ, ಆಮೆಯ ಅಡಿಗೆ, ಗದ್ದೆಯ ಬದುವಿನ ಇಲಿಯನ್ನು ಸುಡುವ ಬಗೆ ಕೂಡ ಇವೆ. ಆ ಪುಟ ಬಂದಾಗ ನಮಗೆ ಕನ್ನಡಕ ಸಿಗುವುದಿಲ್ಲ. ಇನ್ನೊಂದು ಕಡೆ 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ ಮತ್ತು 16ನೇ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’, ಎರಡರಲ್ಲೂ ಸಸ್ಯಾಹಾರದ ಅಡಿಗೆಗಳು, ಕನ್ನಡದಲ್ಲಿ. ಎರಡು ಒಲೆಗಳೂ ನಮ್ಮವೇ.

ಸೃಜನ ಸಾಹಿತ್ಯವಂತೂ ಎಂದೂ ಈ ಮುಚ್ಚುಮರೆ ಮಾಡಲಿಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿಯೂ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿಯೂ ಬೇಟೆ, ಬಾಡು, ಕಳ್ಳು ಮಲೆಗಳಷ್ಟೇ ಸಹಜವಾಗಿ ಇವೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಪಡುವ ಪಾಡು, ಆ ಮನೆಯವರು ರಾತ್ರಿ ಸುತ್ತ ಕುಳಿತು ಕಡಲೆಕಾಯಿ ತಿನ್ನುವ ಸಂದರ್ಭ, ಇವನ್ನು ಓದಿದವರು ಮರೆಯಲಾರರು. ಉಣ್ಣುವುದನ್ನು ಉಣ್ಣುವುದಾಗಿಯೇ ಬರೆಯಬಲ್ಲ ಭಾಷೆ ಇದು. ಪ್ರವಾಸದ ಲೇಖನಕ್ಕೆ ಬಂದ ಕೂಡಲೇ ಏಕೆ ಉಪವಾಸ ಕೂರುತ್ತದೆ?

ನನಗೆ ತೋಚಿದ ಕಾರಣ ಇಷ್ಟು. ಕಥೆ ಕಾದಂಬರಿ ಬರೆಯುವುದು ಲೋಕಕ್ಕೆ; ಪ್ರವಾಸದ ಲೇಖನ ಬರೆಯುವುದು ಮನೆಗೆ. ತಾಯಿ ಓದುತ್ತಾಳೆ, ಬೀಗರು ಓದುತ್ತಾರೆ, ಮಠದ ಭಕ್ತರಾದ ಚಿಕ್ಕಪ್ಪ ಓದುತ್ತಾರೆ. ಕಡಲು ದಾಟಿದವನಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದ ಕಾಲ ಹೋಯಿತು ಎನ್ನುತ್ತೇವೆ. ಉಡುಪಿಯಲ್ಲಿ 2008ರ ಪರ್ಯಾಯದ ಹೊತ್ತಿಗೂ ಯತಿಗಳೊಬ್ಬರು ಕಡಲು ದಾಟಿದ್ದು ದೊಡ್ಡ ವಿವಾದವಾಯಿತು. ಆಲೂಗಡ್ಡೆಯ ಪ್ಯಾರಾ ನಮ್ಮ ಪ್ರಾಯಶ್ಚಿತ್ತ. ಹೋಗಿ ಬಂದೆ, ಆದರೆ ಕೆಟ್ಟಿಲ್ಲ ಎಂದು ಬರೆದುಕೊಡುವ ಮುಚ್ಚಳಿಕೆ. ಮುಚ್ಚಳಿಕೆ ಬರೆಯುವವನಿಗೆ ಸಾಕ್ಷಿಯೂ ಬೇಕಲ್ಲ. ಜೊತೆಗಿದ್ದವರನ್ನೂ ‘ನಾವು’ ಎಂದು ಎಳೆದುಕೊಳ್ಳುತ್ತಾನೆ.

ಇದಕ್ಕೆ ಎದುರಾಗಿ ಗಾಂಧಿಯವರ ಆತ್ಮಕಥೆಯನ್ನು ಇಡಬಹುದು. 1888ರಲ್ಲಿ ತಾಯಿಗೆ ಮಾತು ಕೊಟ್ಟು ಲಂಡನ್ನಿಗೆ ಹೊರಟ ಹುಡುಗ, ಅದಕ್ಕೆ ಮೊದಲೇ ಗೆಳೆಯನ ಜೊತೆ ಕದ್ದು ಆಡಿನ ಮಾಂಸ ತಿಂದದ್ದನ್ನೂ, ಆ ರಾತ್ರಿ ಹೊಟ್ಟೆಯೊಳಗೆ ಆಡು ಅರಚಿದಂತಾದದ್ದನ್ನೂ ಬರೆದುಬಿಟ್ಟಿದ್ದಾರೆ. ಲಂಡನ್ನಿನಲ್ಲಿ ಹಸಿದು ಅಲೆದು, ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಹೋಟೆಲು ಕಂಡು, ಅಲ್ಲೇ ಸಾಲ್ಟ್ ಎಂಬಾತನ ಪುಸ್ತಕ ಕೊಂಡು ಓದಿ, ಅಂದಿನಿಂದ ತಾನೇ ಆರಿಸಿಕೊಂಡ ಸಸ್ಯಾಹಾರಿಯಾದೆ ಎನ್ನುತ್ತಾರೆ. ಅವರ ಹಸಿವನ್ನು ನಾವು ನಂಬುತ್ತೇವೆ, ಏಕೆಂದರೆ ಆಡನ್ನೂ ಅವರು ಮುಚ್ಚಿಡಲಿಲ್ಲ.

ಈಚಿನ ಹುಡುಗರ ಬರಹ ಇನ್ನೊಂದು ತುದಿ. ತಟ್ಟೆಯ ಫೋಟೋ, ಬಿಲ್ಲಿನ ಮೊತ್ತ, ‘ಸೂಪರ್’ ಎಂಬ ಒಂದು ಮಾತು. ಅದರಲ್ಲಿ ಸುಳ್ಳಿಲ್ಲ, ಆದರೆ ರುಚಿಯೂ ಇಲ್ಲ. ಅವರಿಗೂ ಒಬ್ಬ ಹೀಟ್ ಟ್ರೀಟ್‌ಮೆಂಟಿನವರು ಜೊತೆಗಿರಬೇಕಿತ್ತು.

ಸಂಘದ ಊಟವನ್ನು ಬದಲಾಯಿಸಬೇಕೆಂದು ನಾನು ಹೇಳುತ್ತಿದ್ದೇನೆಂದು ಯಾರೂ ಗಾಬರಿಯಾಗಬೇಡಿ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕಾದರೆ ಸಸ್ಯಾಹಾರವೇ ಸುಲಭ. ಅದು ಅನುಕೂಲದ ಮಾತು. ಪತ್ರಿಕೆಯ ಪುಟಕ್ಕೆ ಆ ಅನುಕೂಲ ಬೇಕಿಲ್ಲ. ಸಂಪಾದಕರು ಮುಂದೆ ಪ್ರವಾಸ ಲೇಖನಗಳು ಬಂದಾಗ ‘ಕನ್ನಡಿಗರಾದ ನಾವು’ ಎಂಬಲ್ಲಿ ಒಂದು ಕೆಂಪು ಗೆರೆ ಎಳೆದು, ಯಾರು ಯಾರು ಎಂದು ಲೇಖಕರನ್ನು ಕೇಳಲಿ.

ಇದನ್ನು ಬರೆಯುವ ಮೊದಲು ನನ್ನ ಸ್ನೇಹಿತರಿಗೆ ಫೋನು ಮಾಡಿದೆ. ಅವರು ನಿವೃತ್ತರಾಗಿ ಊರಿಗೆ ಹೋಗಿ ಟೊಮೇಟೊ ಬೆಳೆಯುತ್ತಿದ್ದಾರೆ. ಬರೆಯಲು ಒಪ್ಪಿಗೆ ಕೇಳಿದೆ. “ಬರೀರಣ್ಣಾ, ಹೆಸರು ಬೇಡ, ಮೊಮ್ಮಕ್ಕಳ ಮದುವೆ ಕಾಲ” ಎಂದರು. ಸ್ವಲ್ಪ ತಡೆದು, “ನಂದೆಲ್ಲಾ ಬರೀತೀರ. ಆ ಆಲೂಗಡ್ಡೆ ಮೇಲೆ ಏನೋ ಕೆಂಪಗೆ ಉದುರಿಸಿದ್ರಲ್ಲ, ಅದನ್ನ ಬರೀತೀರಾ?” ಎಂದು ಕೇಳಿದರು.

ಅವರಿಗೆ ನೆನಪಿದೆಯೆಂದು ನಾನು ಎಣಿಸಿರಲಿಲ್ಲ. ಹುಳಿ ಕೆನೆಯ ಮೇಲೆ ಹಂದಿಮಾಂಸದ ಸಣ್ಣ ಚೂರುಗಳನ್ನು ಉದುರಿಸಿದ್ದರು. ಮೊದಲು ತಿಳಿಯಲಿಲ್ಲ, ಬಾಯಿಗೆ ಒಂದು ಸಿಕ್ಕಾಗ ತಿಳಿಯಿತು. ಅದನ್ನು ಕಾಗದಕ್ಕೆ ಉಗಿದೆ. ಬಡಿಸುವವನನ್ನು ಕರೆಯುವ ಧೈರ್ಯವಾಗಲಿಲ್ಲ. ಮೇಲಿನದನ್ನು ಚಮಚದಿಂದ ಬದಿಗೆ ಸರಿಸಿದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕೆಳಗಿನ ಆಲೂಗಡ್ಡೆಯನ್ನು ಪೂರಾ ತಿಂದೆ.